ವೇಗ ಬೇರೆ, ಬೇಗ ಬೇರೆ



ಇಂದಿನ ಮಾತು ಒಂದು ಬಸ್ಸನ್ನು ಕುರಿತದ್ದು. ಅದು ನಮ್ಮ ಊರಿನ ಬಸ್ಸಲ್ಲ. ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ, ಆರ್ಲ್ಯಾಂಡೊ ನಗರದ ಹತ್ತಿರ ಇರುವ ವಾಲ್ಟ್ ಡಿಸ್ನಿ ವರ್ಲ್ಡ್ ಎಂಬ ಮನರಂಜನಾ ನಗರಿಯಲ್ಲಿ 2016ರ ಕೊನೆಗೆ ಓಡಲಾರಂಭಿಸಿ, 2018ರಲ್ಲಿ ನಿಂತುಹೋದ ಬಸ್ಸು. ಎರಡು ವರ್ಷವೂ ತುಂಬದೆ ನಿಂತ ಬಸ್ಸಿನ ಬಗ್ಗೆ ಹೇಳುವುದೇನಿದೆ ಎಂದು ನಿಮಗೆ ಅನ್ನಿಸಬಹುದು. ಆದರೆ ಆ ಬಸ್ಸಿಗೆ ಹೆಚ್ಚಿನ ಹಣ ಕೊಟ್ಟು ಹತ್ತಬೇಕೇ, ಬೇಡವೇ ಎಂದು ಅಲ್ಲಿಗೆ ಹೋಗುವ ಜನರ ನಡುವೆ ನಡೆದ ವಾದವಿದೆಯಲ್ಲ, ಅದರೊಳಗೆ ಒಳ್ಳೆಯ ಗಣಿತವಿದೆ, ಸ್ವಲ್ಪ ಅರ್ಥಶಾಸ್ತ್ರವಿದೆ, ನ್ಯಾಯ ಅನ್ಯಾಯದ ಪ್ರಶ್ನೆಯೂ ಇದೆ. ಹಣ ಕೊಟ್ಟು ಸಮಯ ಕೊಳ್ಳುವ ಅವಕಾಶ ಇಂದು ನಿಮ್ಮೆಲ್ಲರ ಮುಂದೆಯೂ ಬರುತ್ತಿದೆ. ಹಾಗೆ ಕೊಂಡ ನಿಮಿಷ ಎಲ್ಲಿಂದ ಬಂತು? ಹೊಸದಾಗಿ ಹುಟ್ಟಿತೇ, ಅಥವಾ ಇನ್ನೊಬ್ಬರ ಜೇಬಿನಿಂದ ಬಂತೇ? ಈ ಪ್ರಶ್ನೆಯನ್ನು ಹಿಡಿದುಕೊಂಡೇ ನಾವು ಮುಂದೆ ಹೋಗೋಣ.

ಮೊದಲು ಸ್ಥಳದ ಪರಿಚಯವಾಗಲಿ. ಡಿಸ್ನಿ ವರ್ಲ್ಡ್ ಎಂದರೆ ಒಂದು ಕಾಂಪೌಂಡಿನೊಳಗಿನ ಪಾರ್ಕು ಎಂದು ಭಾವಿಸಬೇಡಿ. ಅದರ ವಿಸ್ತಾರ ಸುಮಾರು 25 ಸಾವಿರ ಎಕರೆ, ಅಂದರೆ ಹತ್ತಿರ ಹತ್ತಿರ 100 ಚದರ ಕಿಲೋಮೀಟರು. ಅದರಲ್ಲಿ ನಾಲ್ಕು ದೊಡ್ಡ ಪಾರ್ಕುಗಳಿವೆ. 1971ರ ಅಕ್ಟೋಬರ್ 1ರಂದು ಬಾಗಿಲು ತೆರೆದ ಮ್ಯಾಜಿಕ್ ಕಿಂಗ್‌ಡಮ್ ಮೊದಲನೆಯದು. ಆಮೇಲೆ 1982ರಲ್ಲಿ ಎಪ್ಕಾಟ್, 1989ರಲ್ಲಿ ಈಗ ಹಾಲಿವುಡ್ ಸ್ಟುಡಿಯೋಸ್ ಎಂಬ ಹೆಸರಿರುವ ಪಾರ್ಕು, 1998ರಲ್ಲಿ ಅನಿಮಲ್ ಕಿಂಗ್‌ಡಮ್. ಇವು ಒಂದಕ್ಕೊಂದು ಅಂಟಿಕೊಂಡಿಲ್ಲ. ಮ್ಯಾಜಿಕ್ ಕಿಂಗ್‌ಡಮ್ ಒಂದು ಮೂಲೆಗಾದರೆ ಅನಿಮಲ್ ಕಿಂಗ್‌ಡಮ್ ಇನ್ನೊಂದು ಮೂಲೆಗೆ. ನಡೆದು ಹೋಗುವ ಮಾತೇ ಇಲ್ಲ.

ಹೀಗಾಗಿ ಆ ನಗರಿಯ ಹೊಟ್ಟೆಯೊಳಗೆ ಒಂದು ಸಾರಿಗೆ ಸಂಸ್ಥೆಯೇ ಅಡಗಿದೆ ಎನ್ನಬಹುದು. ಸುಮಾರು 24 ಕಿಲೋಮೀಟರ್ ಉದ್ದದ ಮಾನೋರೈಲು ಹಳಿ ಇದೆ. ಅದರ ಒಂದು ಭಾಗ 1971ರದು, ಎಪ್ಕಾಟ್‌ವರೆಗಿನ ಭಾಗ 1982ರದು. ಕೃತಕ ಸರೋವರವನ್ನು ದಾಟಿಸುವ ದೋಣಿಗಳಿವೆ. ನೂರಾರು ಬಸ್ಸುಗಳಿವೆ. ಸಂಸ್ಥಾಪಕ ವಾಲ್ಟ್ ಡಿಸ್ನಿಗೆ ಸಾರಿಗೆಯ ಹುಚ್ಚೇ ಇತ್ತು. 1966ರ ಅಕ್ಟೋಬರಿನಲ್ಲಿ, ತಾವು ತೀರಿಕೊಳ್ಳುವ ಎರಡು ತಿಂಗಳ ಮುಂಚೆ, ಅವರು ಒಂದು ಚಿತ್ರದಲ್ಲಿ ತಮ್ಮ ಕನಸಿನ ಊರನ್ನು ವಿವರಿಸಿದ್ದರು. ಅಲ್ಲಿ ಜನ ಓಡಾಡುವುದು ಮಾನೋರೈಲಿನಲ್ಲಿ ಮತ್ತು ಎಂದೂ ನಿಲ್ಲದೆ ಮೆಲ್ಲಗೆ ಸಾಗುತ್ತಲೇ ಇರುವ ಚಿಕ್ಕ ಬಂಡಿಗಳಲ್ಲಿ; ಮೋಟಾರು ವಾಹನಗಳೆಲ್ಲ ನೆಲದ ಕೆಳಗೆ. ಆ ಊರು ಕಟ್ಟಲ್ಪಡಲಿಲ್ಲ. ಆದರೆ ನಿಲ್ಲದ ಬಂಡಿಯ ಕಲ್ಪನೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪಾರ್ಕಿನ ಪ್ರವೇಶಕ್ಕೆ ಹಣ ತೆತ್ತವರಿಗೆ ಈ ಬಸ್ಸು, ದೋಣಿ, ಮಾನೋರೈಲು ಯಾವುದಕ್ಕೂ ಬೇರೆ ಟಿಕೆಟ್ಟಿಲ್ಲ. ಒಂದೇ ದಿನದಲ್ಲಿ ಎರಡು ಮೂರು ಪಾರ್ಕು ನೋಡಬೇಕಾದರೆ ಮಾತ್ರ ಪಾರ್ಕ್ ಹಾಪರ್ ಎಂಬ ಹೆಚ್ಚು ಬೆಲೆಯ ಪ್ರವೇಶಪತ್ರ ಬೇಕು. ಅದನ್ನು ಕೊಂಡವರು ಒಂದು ಪಾರ್ಕಿನಿಂದ ಹೊರಬಂದು, ಬಸ್ ನಿಲ್ದಾಣಕ್ಕೆ ನಡೆದು, ಬಸ್ಸಿಗೆ ಕಾದು, ಪ್ರಯಾಣ ಮಾಡಿ, ಇಳಿದು, ಮತ್ತೆ ಭದ್ರತಾ ತಪಾಸಣೆಯ ಸಾಲಿನಲ್ಲಿ ನಿಂತು, ಚೀಲ ಬಿಚ್ಚಿ ತೋರಿಸಿ, ಆಮೇಲೆ ಟಿಕೆಟ್ ತೋರಿಸುವ ಗೇಟು ದಾಟಬೇಕಿತ್ತು. 2015ರ ಡಿಸೆಂಬರಿನಿಂದ ಲೋಹಶೋಧಕಗಳ ತಪಾಸಣೆಯೂ ಸೇರಿತು.

ಇಂಥ ಸಮಯದಲ್ಲಿ ಬಂದದ್ದು ಎಕ್ಸ್‌ಪ್ರೆಸ್ ಟ್ರಾನ್ಸ್‌ಪೋರ್ಟೇಷನ್ ಎಂಬ ಹಣದ ಬಸ್ಸು. ಆರಂಭದಲ್ಲಿ ಒಬ್ಬರಿಗೆ ಒಂದು ದಿನಕ್ಕೆ 15 ಡಾಲರ್, ಏಳು ದಿನಕ್ಕೆ 24 ಡಾಲರ್. ಇದರ ವಿಶೇಷವೇನೆಂದರೆ, ಬಸ್ಸು ಪಾರ್ಕಿನ ಹೊರಗೆ ಬರುವುದೇ ಇಲ್ಲ ಎನ್ನುವಂತಿತ್ತು. ಪಾರ್ಕಿನ ಒಳಗಿನಿಂದಲೇ, ಸಾಮಾನ್ಯ ಜನ ಕಾಣದ ಹಿಂಬದಿಯಿಂದ ಹೊರಟು, ಇನ್ನೊಂದು ಪಾರ್ಕಿನ ಹಿಂಬದಿಯ ಮೂಲಕ ಒಳಗೇ ಇಳಿಸುತ್ತಿತ್ತು. ಒಮ್ಮೆ ಬೆಳಿಗ್ಗೆ ತಪಾಸಣೆಯಾದವರಿಗೆ ಮತ್ತೆ ತಪಾಸಣೆಯಿಲ್ಲ, ಮತ್ತೆ ಗೇಟಿಲ್ಲ. ಸುಮಾರು ಅರ್ಧ ಗಂಟೆಗೊಂದು ಬಸ್ಸು.

ವಾದ ಹುಟ್ಟಿಕೊಂಡದ್ದು ಇಲ್ಲಿ. ಕೆಲವರು ಹೇಳಿದರು: ವಿಮಾನಕ್ಕೆ, ಹೋಟೆಲಿಗೆ, ಪ್ರವೇಶಕ್ಕೆ ಸಾವಿರಾರು ಡಾಲರ್ ಸುರಿದು ಬಂದಿದ್ದೇವೆ, ಅಂಥದರಲ್ಲಿ ಹದಿನೈದು ಡಾಲರಿಗೆ ಹಿಂದೆ ಮುಂದೆ ನೋಡಿ ಬಿಸಿಲಿನಲ್ಲಿ ಮಕ್ಕಳನ್ನು ನಿಲ್ಲಿಸುವುದೇ? ಇನ್ನು ಕೆಲವರು ಹೇಳಿದರು: ಸಾರಿಗೆ ನಮ್ಮ ಟಿಕೆಟ್ಟಿನಲ್ಲೇ ಸೇರಿದೆ. ಇಂದು ಬಸ್ಸಿಗೆ ಹಣ ಕೊಟ್ಟರೆ ನಾಳೆ ನೆರಳಿಗೂ ಕೊಡಬೇಕಾದೀತು. ಮತ್ತೆ ಕೆಲವರಿಗೆ ದುಡ್ಡಿಗಿಂತ ಬೇರೆ ಸಂಕಟ. ಎಲ್ಲರೂ ಒಂದೇ ಎಂಬ ಭಾವನೆ ಇರಬೇಕಾದ ಜಾಗದಲ್ಲಿ ಇದು ಮೇಲು ಕೀಳು ಮಾಡುವುದಿಲ್ಲವೇ ಎಂದು ಅವರ ಪ್ರಶ್ನೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರ ಮಾತು ಇನ್ನೂ ಒಂದು: ಉಳಿಯುವುದು ನಿಮಿಷವಲ್ಲ, ನಡಿಗೆ. ಹೀಗೆ ಪ್ರತಿಯೊಬ್ಬರ ಮಾತಿನಲ್ಲೂ ಸತ್ಯದ ಅಂಶವಿತ್ತು. ಆದ್ದರಿಂದಲೇ ವಾದ ಮುಗಿಯಲಿಲ್ಲ.

ನಾವು ಈಗ ಕಾಗದ ಪೆನ್ಸಿಲು ಹಿಡಿದು ಕೂರೋಣ. ಮೊದಲ ಪ್ರಶ್ನೆ: ಈ ವೇಗದ ಬಸ್ಸು ನಿಜಕ್ಕೂ ವೇಗವಾಗಿ ಓಡುತ್ತಿತ್ತೇ? ಇಲ್ಲ! ಅದೂ ಅದೇ ರಸ್ತೆಯ ಬಸ್ಸೇ, ಅದಕ್ಕೂ ಅದೇ ವೇಗದ ಮಿತಿ. ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳಿ. ಉಚಿತ ಬಸ್ಸಿನಲ್ಲಿ ಹೋಗುವವನಿಗೆ ಪಾರ್ಕಿನಿಂದ ಹೊರಗೆ ನಡೆಯಲು 10 ನಿಮಿಷ, 20 ನಿಮಿಷಕ್ಕೊಂದು ಬಸ್ಸಾದರೆ ಸರಾಸರಿ ಕಾಯುವುದು 10 ನಿಮಿಷ, ಪ್ರಯಾಣ 20 ನಿಮಿಷ, ತಪಾಸಣೆ ಮತ್ತು ಗೇಟಿಗೆ 15 ನಿಮಿಷ. ಒಟ್ಟು 55. ಹಣದ ಬಸ್ಸಿನಲ್ಲಿ ಹಿಂಬದಿಯ ನಿಲ್ದಾಣಕ್ಕೆ ನಡೆಯಲು ಅದೇ 10, ಅರ್ಧ ಗಂಟೆಗೊಂದು ಬಸ್ಸಾದ್ದರಿಂದ ಸರಾಸರಿ ಕಾಯುವುದು 15, ಪ್ರಯಾಣ ಅದೇ 20, ತಪಾಸಣೆ ಸೊನ್ನೆ. ಒಟ್ಟು 45. ಉಳಿದದ್ದು ಹತ್ತೇ ನಿಮಿಷ! ನೋಡಿ, ಕಾಯುವ ವಿಷಯದಲ್ಲಿ ಹಣದ ಬಸ್ಸೇ ಹಿಂದೆ. ಬಸ್ಸು ಹೊರಡುವ ಹೊತ್ತನ್ನು ಮೊದಲೇ ಕೇಳಿಕೊಂಡು ಐದು ನಿಮಿಷ ಮುಂಚೆ ಹೋದವನಿಗೆ ಮಾತ್ರ 20 ನಿಮಿಷ ಉಳಿಯುತ್ತದೆ. ತಪಾಸಣೆಯ ಸಾಲು ಬೆಳೆದ ದಿನ ಇನ್ನೂ ಹೆಚ್ಚು ಉಳಿಯುತ್ತದೆ, ಸಾಲು ಇಲ್ಲದ ದಿನ ಏನೂ ಉಳಿಯದೆಯೂ ಹೋಗಬಹುದು.

ವೇಗ ಎನ್ನುವುದು ಚಕ್ರದ ಗುಣ. ಬೇಗ ಎನ್ನುವುದು ಇಡೀ ಪ್ರಯಾಣದ ಗುಣ, ಮನೆಯ ಹೊಸಿಲಿನಿಂದ ತಲುಪಬೇಕಾದ ಹೊಸಿಲಿನವರೆಗಿನ ಲೆಕ್ಕ. ಭೌತಶಾಸ್ತ್ರದ ಪಾಠದಲ್ಲಿ ದೂರವನ್ನು ಕಾಲದಿಂದ ಭಾಗಿಸುವಾಗ ಕಾಲ ಎಂದರೆ ವಾಹನ ಚಲಿಸಿದ ಕಾಲ ಎಂದು ಎಷ್ಟೋ ಸಲ ಲೆಕ್ಕ ಹಾಕುತ್ತೀರಿ. ಪ್ರಯಾಣಿಕನ ಗಡಿಯಾರ ಅದಕ್ಕಿಂತ ಬಹಳ ಮುಂಚೆಯೇ ಓಡಲು ಶುರುಮಾಡಿರುತ್ತದೆ.

ಇನ್ನು ಹಣದ ಲೆಕ್ಕ. 2016ರಲ್ಲಿ ಒಂದು ದಿನದ ಪ್ರವೇಶಕ್ಕೆ 100 ಡಾಲರ್ ಆಸುಪಾಸು. ಹತ್ತು ಗಂಟೆ ಒಳಗಿದ್ದರೆ ಗಂಟೆಗೆ 10 ಡಾಲರ್ ಆಯಿತು. ದಿನದಲ್ಲಿ ಒಂದೇ ಒಂದು ಸಲ ಪಾರ್ಕು ಬದಲಿಸಿ 20 ನಿಮಿಷ ಉಳಿಸಲು 15 ಡಾಲರ್ ಕೊಟ್ಟರೆ, ಉಳಿಸಿದ ಗಂಟೆಗೆ 45 ಡಾಲರ್ ತೆತ್ತಂತಾಯಿತು. ಪಾರ್ಕಿನ ಗಂಟೆಗಿಂತ ಉಳಿತಾಯದ ಗಂಟೆಯೇ ನಾಲ್ಕೂವರೆ ಪಟ್ಟು ದುಬಾರಿ! ಆದರೆ ಏಳು ದಿನದ 24 ಡಾಲರ್ ಕೊಟ್ಟು ಹನ್ನೆರಡು ಸಲ ಹತ್ತಿದವನಿಗೆ? 240 ನಿಮಿಷ, ಅಂದರೆ ನಾಲ್ಕು ಗಂಟೆ ಉಳಿಯಿತು. ಗಂಟೆಗೆ ಆರೇ ಡಾಲರ್. ಒಬ್ಬ ಇದನ್ನು ಹಗಲು ದರೋಡೆ ಎನ್ನುತ್ತಾನೆ, ಇನ್ನೊಬ್ಬ ಅಗ್ಗ ಎನ್ನುತ್ತಾನೆ, ಇಬ್ಬರ ಲೆಕ್ಕವೂ ಸರಿಯೇ. ಜಗಳವಾಡುವವರು ಎಷ್ಟೋ ಸಲ ಬೇರೆ ಬೇರೆ ಭಾಜಕಗಳನ್ನು ಇಟ್ಟುಕೊಂಡು ಜಗಳವಾಡುತ್ತಿರುತ್ತಾರೆ.

ಕಾಯುವುದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಗಂಟೆಗೆ ಮೂರು ಬಸ್ಸು ಎಂದ ಮಾತ್ರಕ್ಕೆ ಸರಾಸರಿ ಕಾಯುವಿಕೆ ಹತ್ತು ನಿಮಿಷ ಎಂದು ಹೇಳಲಾಗದು. ಬಸ್ಸುಗಳು ಸಮನಾದ ಅಂತರದಲ್ಲಿ ಬಂದರೆ ಮಾತ್ರ ಅದು ನಿಜ. ಒಂದು ಅಂತರ 5 ನಿಮಿಷ, ಮುಂದಿನದು 35 ನಿಮಿಷ, ಮತ್ತೆ 5, ಮತ್ತೆ 35 ಹೀಗೆ ಬರುತ್ತಿವೆ ಎನ್ನಿ. ಅಂತರದ ಸರಾಸರಿ ಈಗಲೂ 20 ನಿಮಿಷವೇ, ಬಸ್ಸಿನ ಸಂಖ್ಯೆ ಕಡಿಮೆಯಾಗಿಲ್ಲ. ಆದರೆ ನೀವು ಯಾವುದೋ ಹೊತ್ತಿಗೆ ನಿಲ್ದಾಣಕ್ಕೆ ಬಂದಾಗ 35 ನಿಮಿಷದ ಅಂತರದೊಳಗೆ ಸಿಕ್ಕಿಬೀಳುವ ಸಂಭವ ಎಂಟರಲ್ಲಿ ಏಳು ಪಾಲು. ಅಂತರಗಳನ್ನು ವರ್ಗ ಮಾಡಿ ಕೂಡಿಸಿ, ಒಟ್ಟು ಕಾಲದ ಎರಡರಷ್ಟರಿಂದ ಭಾಗಿಸಿದರೆ ಸರಾಸರಿ ಕಾಯುವಿಕೆ ಸಿಗುತ್ತದೆ. 25ಕ್ಕೆ 1225 ಕೂಡಿಸಿ 80ರಿಂದ ಭಾಗಿಸಿ. ಹದಿನೈದೂವರೆ ನಿಮಿಷಕ್ಕೂ ಮೀರಿತು! 'ನನಗೆ ಯಾವಾಗಲೂ ಬಸ್ಸು ತಪ್ಪುತ್ತದೆ' ಎಂದು ಹಣೆಬರಹವನ್ನು ಹಳಿಯುವವರು ಈ ಲೆಕ್ಕವನ್ನೊಮ್ಮೆ ಮಾಡಬೇಕು. ಒಂದು ಡಾಲರೂ ಖರ್ಚಿಲ್ಲದೆ, ಒಂದು ಬಸ್ಸನ್ನೂ ಹೆಚ್ಚಿಸದೆ, ಬಸ್ಸುಗಳ ನಡುವಿನ ಅಂತರವನ್ನು ಸಮಮಾಡಿದರೆ ಸಾಕು, ಎಲ್ಲರಿಗೂ ಐದೂವರೆ ನಿಮಿಷ ಉಳಿಯುತ್ತದೆ. ಇಂಥ ಉಳಿತಾಯವನ್ನು ಯಾರೂ ಮಾರಲಾರರು. ಅದಕ್ಕೇ ಇರಬೇಕು, ಅದರ ಜಾಹೀರಾತನ್ನು ನಾವು ಕಾಣುವುದಿಲ್ಲ.

ಈಗ ಬಸ್ಸನ್ನು ಸ್ವಲ್ಪ ಬದಿಗಿಟ್ಟು ಒಂದು ಕೌಂಟರಿನ ಮುಂದೆ ನಿಲ್ಲೋಣ. ಹನ್ನೆರಡು ಜನರ ಸಾಲು. ಒಬ್ಬೊಬ್ಬರಿಗೆ ಒಂದು ನಿಮಿಷ. ಮೊದಲನೆಯವನು ಕಾಯುವುದಿಲ್ಲ, ಎರಡನೆಯವನು 1 ನಿಮಿಷ, ಹೀಗೆ ಕೊನೆಯವನು 11 ನಿಮಿಷ ಕಾಯುತ್ತಾನೆ. ಎಲ್ಲರ ಕಾಯುವಿಕೆಯನ್ನು ಕೂಡಿದರೆ 66 ನಿಮಿಷ. ಸಾಲಿನ ಕೊನೆಯ ಮೂವರು ಹಣ ಕೊಟ್ಟು ಮುಂದಕ್ಕೆ ಬಂದರು ಎನ್ನಿ. ಆ ಮೂವರಿಗೆ ತಲಾ 9 ನಿಮಿಷ ಉಳಿಯಿತು, ಒಟ್ಟು 27. ಹಿಂದೆ ಸರಿದ ಒಂಬತ್ತು ಜನರಿಗೆ ತಲಾ 3 ನಿಮಿಷ ಹೆಚ್ಚಾಯಿತು, ಅದೂ 27. ಕೂಡಿ ನೋಡಿ, ಈಗಲೂ 66ರಲ್ಲಿ ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ.

ಸರದಿ ಸಾಲಿನ ಗಣಿತಕ್ಕೆ ಅಡಿಪಾಯ ಹಾಕಿದವನು ಡೆನ್ಮಾರ್ಕಿನ ಎರ್ಲಾಂಗ್. ಕೋಪನ್‌ಹೇಗನ್ ನಗರದ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಆತ ಈ ವಿಷಯದ ಮೊದಲ ಲೇಖನವನ್ನು 1909ರಲ್ಲಿ ಪ್ರಕಟಿಸಿದ. ಆದ್ಯತೆಯ ಸಾಲುಗಳಿಗೂ ಒಂದು ಸಂರಕ್ಷಣಾ ನಿಯಮವಿದೆ ಎಂದು 1965ರಲ್ಲಿ ತೋರಿಸಿದವರು ಅಮೆರಿಕದ ಲೆನಾರ್ಡ್ ಕ್ಲೈನ್‌ರಾಕ್. ಇಂದಿನ ಇಂಟರ್ನೆಟ್‌ನ ಆದ್ಯರಲ್ಲಿ ಅವರೂ ಒಬ್ಬರು. ಕೌಂಟರು ಸುಮ್ಮನೆ ಕೂರದೆ ಕೆಲಸ ಮಾಡುತ್ತಿದ್ದು, ಎಲ್ಲರ ಕೆಲಸಕ್ಕೂ ಸರಾಸರಿ ಒಂದೇ ಹೊತ್ತು ಹಿಡಿಯುವುದಾದರೆ, ಸಾಲಿನ ಕ್ರಮವನ್ನು ಹೇಗೆ ಬದಲಿಸಿದರೂ ಕಾಯುವಿಕೆಯ ಮೊತ್ತ ಬದಲಾಗದು. ಶಕ್ತಿ ಸಂರಕ್ಷಣೆಯ ಹಾಗೆಯೇ ಇದೂ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯಬಹುದೇ ಹೊರತು ಇಲ್ಲವಾಗುವುದಿಲ್ಲ.

ಪಾರ್ಕಿನ ರೈಡುಗಳ ಮುಂದೆ ಹಣಕ್ಕೆ ಮಾರುವ ಬೇಗದ ಸಾಲು ಇರುತ್ತದಲ್ಲ, ಅದು ಈ ಜಾತಿಯದು. ರೈಡಿನಲ್ಲಿ ಗಂಟೆಗೆ ಇಷ್ಟೇ ಸೀಟು. ಅದರಲ್ಲಿ ಒಂದಷ್ಟನ್ನು ಹಣ ಕೊಟ್ಟವರಿಗೆ ಎತ್ತಿಟ್ಟರೆ ಉಳಿದವರ ಸಾಲು ಅಷ್ಟು ನಿಧಾನವಾಗುತ್ತದೆ. ಆದರೆ ಎಕ್ಸ್‌ಪ್ರೆಸ್ ಬಸ್ಸು ಈ ಜಾತಿಯದಲ್ಲ. ಅದು ಉಚಿತ ಬಸ್ಸಿನ ಸೀಟನ್ನು ಕಿತ್ತುಕೊಳ್ಳಲಿಲ್ಲ. ತನ್ನದೇ ಬಸ್ಸು ತಂದಿತು. ಅದನ್ನು ಹತ್ತಿದ ಪ್ರತಿಯೊಬ್ಬನೂ ಉಚಿತ ಬಸ್ಸಿನ ಸಾಲಿನಿಂದಲೂ ತಪಾಸಣೆಯ ಸಾಲಿನಿಂದಲೂ ಕಡಿಮೆಯಾದ. ಹಣ ಕೊಡದವನಿಗೂ ಸ್ವಲ್ಪ ಲಾಭವೇ ಆಗಿರಬೇಕು. ಹಾಗಾಗಿ, ಹಣದ ಬಸ್ಸು ಬಡವರ ಸಮಯವನ್ನು ಕದ್ದಿತು ಎಂದು ವಾದಿಸಿದವರ ಮಾತನ್ನು ನಾನು ಒಪ್ಪಲಾರೆ. ಹಣ ಕೊಟ್ಟು ಸಾಲಿನಲ್ಲಿ ಮುಂದೆ ಹೋಗುವುದಕ್ಕೂ, ಹಣ ಕೊಟ್ಟು ಇನ್ನೊಂದು ಕೌಂಟರು ತೆರೆಸುವುದಕ್ಕೂ ಅಜಗಜಾಂತರ ವ್ಯತ್ಯಾಸವಿದೆ. ಎರಡಕ್ಕೂ ಒಂದೇ ಹೆಸರಿಟ್ಟು ಬೈಯುವುದು ಸರಿಯಲ್ಲ.

ಅಷ್ಟಕ್ಕೇ ನಿಲ್ಲಿಸಿದರೆ ವಿಷಯ ಅರ್ಧವಾದೀತು. 'ಇಂದು ಬಸ್ಸು, ನಾಳೆ ನೆರಳು' ಎಂದವರ ಅಂಜಿಕೆಗೂ ಆಧಾರವಿದೆ. ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ಝೂಲ್ ದ್ಯುಪುಯಿ ಎಂಬ ಎಂಜಿನಿಯರು ಇದ್ದ. ಅಂದಿನ ರೈಲುಗಳ ಮೂರನೆಯ ದರ್ಜೆಯ ಬೋಗಿಗಳಲ್ಲಿ ಮೇಲೆ ಚಾವಣಿ ಇರದೆ ಜನ ಮಳೆ ಬಿಸಿಲಿಗೆ ಮೈಯೊಡ್ಡುತ್ತಿದ್ದರು. ಚಾವಣಿಗೆ ತಗಲುವ ಖರ್ಚು ಅಲ್ಪ. ಆದರೂ ಕಂಪನಿಗಳು ಹಾಕಿಸುವುದಿಲ್ಲ. ಯಾಕೆ? ದ್ಯುಪುಯಿ 1849ರಲ್ಲಿ ಕೊಟ್ಟ ಉತ್ತರ ಇದು: ಮೂರನೆಯ ದರ್ಜೆಯವರನ್ನು ನೋಯಿಸಬೇಕೆಂದು ಅಲ್ಲ, ಎರಡನೆಯ ದರ್ಜೆಯ ಹಣ ಕೊಡಬಲ್ಲವರು ಮೂರನೆಯದಕ್ಕೆ ಇಳಿಯದಂತೆ ಹೆದರಿಸಬೇಕೆಂದು. ಬೇಗವನ್ನು ಮಾರಲು ಕುಳಿತವನಿಗೆ ತಡವೇ ಬಂಡವಾಳ. ಉಚಿತ ಬಸ್ಸು ಚೆನ್ನಾಗಿದ್ದಷ್ಟೂ ಹಣದ ಬಸ್ಸಿಗೆ ಗಿರಾಕಿ ಕಡಿಮೆ. ಹಾಗೆಂದು ಡಿಸ್ನಿ ಕಂಪನಿ ಬೇಕೆಂದೇ ಉಚಿತ ಬಸ್ಸನ್ನು ಕೆಡಿಸಿತು ಎಂದು ನಾನು ಹೇಳುತ್ತಿಲ್ಲ. ಎರಡನ್ನೂ ಒಂದೇ ಕೈ ನಡೆಸುವಾಗ ಆ ಕೈಗೆ ಎಂಥ ಆಮಿಷ ಎದುರಾಗುತ್ತದೆ ಎಂಬುದನ್ನಷ್ಟೇ ಗಮನಿಸಿ.

ರೈಡುಗಳ ಸಾಲಿನ ಚರಿತ್ರೆಯನ್ನು ನೋಡಿದರೆ ಅಂಜಿಕೆ ಇನ್ನೂ ಸ್ಪಷ್ಟವಾಗುತ್ತದೆ. ಮೊದಲ ದಿನಗಳಲ್ಲಿ ಡಿಸ್ನಿ ಪಾರ್ಕುಗಳಲ್ಲಿ ಒಂದೊಂದು ರೈಡಿಗೂ ಬೇರೆ ಬೇರೆ ಚೀಟಿ ಇತ್ತು. ಎ ಇಂದ ಇ ವರೆಗೆ ದರ್ಜೆಗಳು. ಒಳ್ಳೆಯ ರೈಡಿಗೆ ಇ ಚೀಟಿ. 1982ರಲ್ಲಿ ಅದನ್ನು ರದ್ದುಮಾಡಿ, ಒಂದೇ ಟಿಕೆಟ್ಟಿಗೆ ಎಲ್ಲ ರೈಡು ಎಂದಾಯಿತು. 1999ರಲ್ಲಿ ಫಾಸ್ಟ್‌ಪಾಸ್ ಎಂಬ ವ್ಯವಸ್ಥೆ ಬಂತು. ಯಂತ್ರದಿಂದ ಚೀಟಿ ತೆಗೆದುಕೊಂಡು, ಅದರಲ್ಲಿ ಹೇಳಿದ ಹೊತ್ತಿಗೆ ಬಂದರೆ ಚಿಕ್ಕ ಸಾಲು. ಅದೂ ಒಬ್ಬರ ಕಾಯುವಿಕೆಯನ್ನು ಇನ್ನೊಬ್ಬರಿಗೆ ದಾಟಿಸುವುದೇ ಆಗಿತ್ತು, ಆದರೆ ಉಚಿತವಾಗಿತ್ತು. ಬೆಳಿಗ್ಗೆ ಬೇಗ ಎದ್ದವನಿಗೆಲ್ಲ ಅದರ ಹಕ್ಕಿತ್ತು. 2020ರಲ್ಲಿ ಕೋವಿಡ್ ಕಾಲದಲ್ಲಿ ಪಾರ್ಕು ಮುಚ್ಚಿದಾಗ ನಿಂತ ಆ ಉಚಿತ ವ್ಯವಸ್ಥೆ ಮತ್ತೆ ಬರಲೇ ಇಲ್ಲ. 2021ರ ಅಕ್ಟೋಬರಿನಲ್ಲಿ ಫ್ಲಾರಿಡಾದಲ್ಲಿ ಅದರ ಜಾಗಕ್ಕೆ ಬಂದದ್ದು ಹಣಕ್ಕೆ ಮಾರುವ ಲೈಟ್‌ನಿಂಗ್ ಲೇನ್, ಅಂದರೆ ಮಿಂಚಿನ ಸಾಲು. 2024ರಲ್ಲಿ ಬಂದ ಅದರ ಅತ್ಯಂತ ಮೇಲಿನ ದರ್ಜೆಗೆ, ಜನ ಕಿಕ್ಕಿರಿಯುವ ರಜೆಯ ದಿನಗಳಲ್ಲಿ, ಒಬ್ಬರಿಗೆ ಒಂದು ದಿನಕ್ಕೆ 400 ಡಾಲರನ್ನೂ ಮೀರಿದ ಬೆಲೆ ಇತ್ತು. ಪ್ರವೇಶದ ಹಣ ಬೇರೆ! ದರ್ಜೆಯ ಚೀಟಿಗಳನ್ನು ಮುಂಬಾಗಿಲಿನಿಂದ ಕಳಿಸಿದ ನಲವತ್ತು ವರ್ಷಗಳಿಗೆ ಅವು ಹಿತ್ತಿಲಿನಿಂದ ಒಳಗೆ ಬಂದವು.

ನಮ್ಮಲ್ಲಿಯೂ ಇದು ಅಪರಿಚಿತವಲ್ಲ. ಮೈಸೂರು ರಸ್ತೆಯಲ್ಲಿ ಬಿಡದಿಯ ಹತ್ತಿರ 2005ರಲ್ಲಿ ಆರಂಭವಾದ ವಂಡರ್‌ಲಾ ಪಾರ್ಕಿನಲ್ಲಿ ಫಾಸ್ಟ್ ಟ್ರ್ಯಾಕ್ ಎಂಬ ಹೆಚ್ಚು ಬೆಲೆಯ ಟಿಕೆಟ್ ಇದೆ. ಕಾಲೇಜಿನ ಪ್ರವಾಸದಲ್ಲಿ ಹೋದವರು ಆ ಸಾಲನ್ನು ನೋಡಿರುತ್ತೀರಿ. ಕೆಲವರು ಅದರೊಳಗಿನಿಂದ, ಹೆಚ್ಚಿನವರು ಹೊರಗಿನಿಂದ.

ಹೊರಗಿನಿಂದ ನೋಡುವಾಗ ಮನಸ್ಸಿಗೆ ಏನಾಗುತ್ತದೆ ಎಂಬುದೂ ಅಧ್ಯಯನದ ವಿಷಯವೇ. 1985ರಲ್ಲಿ ಡೇವಿಡ್ ಮೇಸ್ಟರ್ ಎಂಬುವರು ಕಾಯುವಿಕೆಯ ಮನಶ್ಶಾಸ್ತ್ರದ ಬಗ್ಗೆ ಬರೆದರು. ಕೈಗೆ ಕೆಲಸವಿಲ್ಲದ ಹೊತ್ತು ಕೆಲಸವಿರುವ ಹೊತ್ತಿಗಿಂತ ದೀರ್ಘವೆನಿಸುತ್ತದೆ, ಎಷ್ಟು ಹೊತ್ತು ಎಂದು ತಿಳಿಯದ ಕಾಯುವಿಕೆ ತಿಳಿದದ್ದಕ್ಕಿಂತ ದೀರ್ಘವೆನಿಸುತ್ತದೆ, ಅನ್ಯಾಯವೆನಿಸಿದ ಕಾಯುವಿಕೆ ನ್ಯಾಯವಾದದ್ದಕ್ಕಿಂತ ದೀರ್ಘವೆನಿಸುತ್ತದೆ ಎಂದು ಅವರು ಹೇಳಿದರು. ದೂರದರ್ಶನದ ಕೆಲಸದಲ್ಲಿ ಇರುವ ನಮಗೆ ಮೊದಲನೆಯದು ಚೆನ್ನಾಗಿ ಗೊತ್ತು. ಪರದೆ ಅರ್ಧ ನಿಮಿಷ ಖಾಲಿಯಾದರೆ ಫೋನು ಬರಲಾರಂಭಿಸುತ್ತವೆ. ಅದೇ ಅರ್ಧ ನಿಮಿಷ ಒಂದು ಹಕ್ಕಿಯನ್ನು ತೋರಿಸಿದರೆ ಯಾರೂ ಗಡಿಯಾರ ನೋಡುವುದಿಲ್ಲ. ಡಿಸ್ನಿಯವರು ಸಾಲು ನಿಲ್ಲುವ ಓಣಿಗಳಲ್ಲಿ ಚಿತ್ರ, ಗೊಂಬೆ, ಕಥೆ ತುಂಬುವುದು ಇದೇ ಕಾರಣಕ್ಕೆ. ಆದರೆ ಮೂರನೆಯದಕ್ಕೆ ಗೊಂಬೆಯ ಔಷಧ ಸಾಲದು. ಎಕ್ಸ್‌ಪ್ರೆಸ್ ಬಸ್ಸು ಹಿಂಬದಿಯಲ್ಲಿ, ಯಾರ ಕಣ್ಣಿಗೂ ಬೀಳದೆ ಓಡಾಡುತ್ತಿತ್ತು. ಉಚಿತ ಬಸ್ಸಿಗೆ ಕಾಯುವವರ ಮುಂದೆ ಅದು ಹಾದುಹೋಗಿದ್ದರೆ ವಾದ ಇನ್ನೂ ಕಾವೇರುತ್ತಿತ್ತೇನೋ.

ಬಸ್ಸಿನ ಕಥೆಯ ಉಳಿದ ಭಾಗವನ್ನು ಬೇಗ ಹೇಳಿಬಿಡುತ್ತೇನೆ. 2017ರಲ್ಲಿ ಅದೇ ನಗರಿಯಲ್ಲಿ ಮಿನಿ ವ್ಯಾನ್ ಎಂಬ ಬಾಡಿಗೆ ವಾಹನ ಬಂತು. ಕೆಂಪು ಬಣ್ಣದ ಮೇಲೆ ಬಿಳಿ ಚುಕ್ಕೆ, ಮಿನಿ ಮೌಸ್ ಉಡುಪಿನ ಹಾಗೆ. ಆರಂಭದಲ್ಲಿ ಒಂದು ಸಲದ ಪ್ರಯಾಣಕ್ಕೆ, ಇಡೀ ವಾಹನಕ್ಕೆ, 20 ಡಾಲರ್. ನಾಲ್ವರ ಕುಟುಂಬಕ್ಕೆ ಎಕ್ಸ್‌ಪ್ರೆಸ್ ಬಸ್ಸಿನ ಒಂದು ದಿನದ ಖರ್ಚು 60 ಡಾಲರ್ ಎಂಬುದನ್ನು ನೆನಪಿಸಿಕೊಂಡರೆ ಜನ ಯಾವ ಲೆಕ್ಕ ಹಾಕಿರಬೇಕೆಂದು ಊಹಿಸಬಹುದು. ಆಮೇಲೆ ಅದರ ದರ ದೂರಕ್ಕೆ ತಕ್ಕಂತೆ ಬದಲಾಯಿತು. ಎಕ್ಸ್‌ಪ್ರೆಸ್ ಬಸ್ಸು 2018ರಲ್ಲಿ ನಿಂತಿತು.

ನನಗೆ ಇವೆಲ್ಲಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸಿದ್ದು 2019ರ ಸೆಪ್ಟೆಂಬರ್ 29ರಂದು ಆರಂಭವಾದ ಸ್ಕೈಲೈನರ್ ಎಂಬ ತೂಗುಬಂಡಿ. ಎಪ್ಕಾಟ್ ಮತ್ತು ಹಾಲಿವುಡ್ ಸ್ಟುಡಿಯೋಸ್ ಪಾರ್ಕುಗಳನ್ನೂ ಕೆಲವು ಹೋಟೆಲುಗಳನ್ನೂ ಅದು ಜೋಡಿಸುತ್ತದೆ. ತಂತಿಗೆ ತೂಗುಬಿದ್ದ ಪುಟ್ಟ ಪುಟ್ಟ ಡಬ್ಬಿಗಳು, ಒಂದರಲ್ಲಿ ಹತ್ತು ಜನ. ಅದಕ್ಕೆ ಬೇರೆ ಟಿಕೆಟ್ಟಿಲ್ಲ, ಎಲ್ಲರಿಗೂ ಒಂದೇ ದರ್ಜೆ. ವೇಗವೆಷ್ಟು ಗೊತ್ತೇ? ಗಂಟೆಗೆ ಸುಮಾರು 18 ಕಿಲೋಮೀಟರು. ಸೈಕಲ್ಲಿನ ವೇಗ! ಬಸ್ಸು ಅದರ ಎರಡು ಮೂರು ಪಟ್ಟು ವೇಗದಲ್ಲಿ ಓಡುತ್ತದೆ. ಆದರೆ ಒಂದು ಡಬ್ಬಿ ಹೋದ ಕೆಲವೇ ಸೆಕೆಂಡುಗಳಲ್ಲಿ ಮುಂದಿನದು ಬಂದಿರುತ್ತದೆ. ಹತ್ತು ಸೆಕೆಂಡಿಗೊಂದು ಡಬ್ಬಿ ಎಂದು ಇಟ್ಟುಕೊಂಡರೆ ಗಂಟೆಗೆ 360 ಡಬ್ಬಿ, 3600 ಜನ. ಐವತ್ತು ಜನರ ಬಸ್ಸು 20 ನಿಮಿಷಕ್ಕೊಂದರಂತೆ ಸಾಗಿಸುವುದು ಗಂಟೆಗೆ 150 ಜನರನ್ನು. ವಾಲ್ಟ್ ಡಿಸ್ನಿ ಹೇಳಿದ್ದ ನಿಲ್ಲದ ಬಂಡಿಯ ತತ್ವವೇ ಇದು. ನಿಧಾನವಾಗಿ ಚಲಿಸುವ ವಾಹನ, ಆದರೂ ಬೇಗ ತಲುಪುವ ಜನ; ಕಾರಣ, ಕಾಯುವುದೇ ಇಲ್ಲ. ಇಲ್ಲಿ ಉಳಿದ ನಿಮಿಷ ಯಾರ ಜೇಬಿನಿಂದಲೂ ಬಂದದ್ದಲ್ಲ, ಯಂತ್ರದ ವಿನ್ಯಾಸದಿಂದ ಹುಟ್ಟಿದ್ದು.

ಅದಕ್ಕೂ ಕೊರತೆಗಳಿವೆ. ಗುಡುಗು ಮಿಂಚಿನ ಮಳೆ ಬಂದರೆ ನಿಲ್ಲಿಸಬೇಕಾಗುತ್ತದೆ. ಫ್ಲಾರಿಡಾದ ಬೇಸಿಗೆಯಲ್ಲಿ ಅದು ಆಗಾಗ ಬರುತ್ತದೆ. ಆರಂಭವಾದ ಒಂದು ವಾರದಲ್ಲೇ, ಅಕ್ಟೋಬರ್ 5ರಂದು, ಒಂದು ನಿಲ್ದಾಣದಲ್ಲಿ ಡಬ್ಬಿಗಳು ಒಂದಕ್ಕೊಂದು ತಾಗಿ ಸಿಕ್ಕಿಕೊಂಡು ಜನ ಗಂಟೆಗಟ್ಟಲೆ ಆಕಾಶದಲ್ಲೇ ಉಳಿದರು. ಒಂದೇ ತಂತಿಗೆ ಎಲ್ಲರೂ ಸಮಾನರು ಎಂದರೆ ತಂತಿ ನಿಂತಾಗಲೂ ಸಮಾನರೇ. ಮ್ಯಾಜಿಕ್ ಕಿಂಗ್‌ಡಮ್ಮಿಗೂ ಅನಿಮಲ್ ಕಿಂಗ್‌ಡಮ್ಮಿಗೂ ಅದು ಹೋಗುವುದಿಲ್ಲ. ಹಾಗಾಗಿ ಬಸ್ಸುಗಳು ಈಗಲೂ ಇವೆ, ಕಾಯುವವರೂ ಇದ್ದಾರೆ.

ಅದೇ ಆರ್ಲ್ಯಾಂಡೊದಲ್ಲಿ ಯೂನಿವರ್ಸಲ್ ಕಂಪನಿಯ ಅಕ್ಕಪಕ್ಕದ ಎರಡು ಪಾರ್ಕುಗಳ ನಡುವೆ 2014ರಿಂದ ಒಂದು ರೈಲು ಓಡುತ್ತಿದೆ. ಹ್ಯಾರಿ ಪಾಟರ್ ಕಥೆಯ ಹಾಗ್ವರ್ಟ್ಸ್ ಎಕ್ಸ್‌ಪ್ರೆಸ್. ಎರಡೂ ಪಾರ್ಕುಗಳ ಪ್ರವೇಶಪತ್ರ ಇಲ್ಲದವರಿಗೆ ಅದರಲ್ಲಿ ಜಾಗವಿಲ್ಲ. ಎರಡು ಗೇಟುಗಳ ನಡುವೆ ಆರಾಮವಾಗಿ ನಡೆದೇ ಹೋಗಬಹುದು, ಆದರೂ ಜನ ರೈಲಿಗೆ ಸಾಲು ನಿಲ್ಲುತ್ತಾರೆ. ತಲುಪುವ ಅವಸರ ಅವರಿಗಿಲ್ಲ. ಪ್ರಯಾಣವೇ ಅವರಿಗೆ ಬೇಕಾದ ರೈಡು. ಸಮಯ ಉಳಿಸಲು ಹಣ ಕೊಡುವವರೂ ಸಮಯ ಕಳೆಯಲು ಹಣ ಕೊಡುವವರೂ ಒಂದೇ ಊರಿಗೆ, ಕೆಲವೊಮ್ಮೆ ಒಂದೇ ಕುಟುಂಬವಾಗಿ ಬರುತ್ತಾರೆ ಎಂಬುದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕು.

ಕೊನೆಗೆ ನಿಮಗೊಂದು ಕೆಲಸ. ಫ್ಲಾರಿಡಾಕ್ಕೆ ಹೋಗಬೇಕಾಗಿಲ್ಲ. ನಿಮ್ಮ ಕಾಲೇಜಿನ ಹತ್ತಿರದ ಬಸ್ ನಿಲ್ದಾಣದಲ್ಲಿ ಇಬ್ಬರು ಗೆಳೆಯರು ಒಂದು ಗಂಟೆ ನಿಂತು, ಒಂದೇ ಮಾರ್ಗದ ಬಸ್ಸುಗಳು ಬಂದ ಹೊತ್ತನ್ನು ಬರೆದುಕೊಳ್ಳಿ. ಅಂತರಗಳನ್ನು ಕಂಡುಹಿಡಿದು, ನಾನು ಹೇಳಿದಂತೆ ವರ್ಗ ಮಾಡಿ ಕೂಡಿಸಿ, ಅಂತರಗಳ ಒಟ್ಟು ಮೊತ್ತದ ಎರಡರಷ್ಟರಿಂದ ಭಾಗಿಸಿ. ಅಷ್ಟೇ ಬಸ್ಸುಗಳು ಸಮನಾದ ಅಂತರದಲ್ಲಿ ಬಂದಿದ್ದರೆ ಎಷ್ಟು ಕಾಯಬೇಕಾಗುತ್ತಿತ್ತು ಎಂಬುದನ್ನೂ ಲೆಕ್ಕ ಹಾಕಿ, ಎರಡನ್ನೂ ಪಕ್ಕಪಕ್ಕ ಬರೆಯಿರಿ. ಸೋಮವಾರ ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಮಾಡಿದರೆ ಒಳ್ಳೆಯದು. ಭಾನುವಾರದ ಲೆಕ್ಕ ಬೇರೆಯೇ ಬರಬಹುದು.